ಗ್ರೇಟ್‌ಫುಲ್ ಡೆಡ್ ಕಛೇರಿಗಳ ಧ್ವನಿಮುದ್ರಣಗಳನ್ನು ಹೋಲಿಸಿ ಕೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಬ್ಯಾಂಡಿನ ಒಂದೇ ಹಾಡನ್ನು ಹತ್ತಾರು ಕಛೇರಿಗಳಿಂದ ತೆಗೆದು ಹೋಲಿಸುವುದರಲ್ಲಿ ಏನಿದೆ?

ಆ ಹಾಡು ಪ್ರತಿ ರಾತ್ರಿಯೂ ಅದೇ ಹಾಡಾಗಿ ಉಳಿಯುತ್ತಿರಲಿಲ್ಲ ಎಂಬುದೇ ಇದಕ್ಕೆ ಉತ್ತರ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಎಂಬ ಈ ರಾಕ್ ಬ್ಯಾಂಡ್, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 2,300 ಕಛೇರಿಗಳನ್ನು ನಡೆಸಿತು. ಯಾವ ಹಾಡಿನ ನಂತರ ಯಾವುದು, ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟಬೇಕು, ನಡುವೆ ಎಷ್ಟು ಹೊತ್ತು ಅಲೆಯಬೇಕು ಎಂಬುದೆಲ್ಲ ಬಹುಪಾಲು ವೇದಿಕೆಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಒಬ್ಬ ವಿದ್ವಾಂಸರ ಕಲ್ಯಾಣಿಯನ್ನು ಒಮ್ಮೆ ಕೇಳಿದ್ದೇನೆ, ಇನ್ನು ಸಾಕು ಎಂದು ರಸಿಕರಾರೂ ಹೇಳುವುದಿಲ್ಲ. ಈ ಬ್ಯಾಂಡಿನ ಅಭಿಮಾನಿಗಳು 'ಜ್ಯಾಮ್' ಎಂದು ಕರೆಯುವುದಕ್ಕೆ ನಮ್ಮ 'ಮನೋಧರ್ಮ' ಎಂಬ ಮಾತು ಬಹಳ ಹತ್ತಿರದ್ದು.

'ಡಾರ್ಕ್ ಸ್ಟಾರ್' ಎಂಬ ಹಾಡನ್ನೇ ನೋಡಿ. 1968ರಲ್ಲಿ ಸ್ಟುಡಿಯೋದಿಂದ ಹೊರಬಂದ ತಟ್ಟೆಯಲ್ಲಿ ಅದು ಮೂರು ನಿಮಿಷಕ್ಕೂ ಕಡಿಮೆ. 1969ರ ಫೆಬ್ರವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್ ಸಭಾಂಗಣದಲ್ಲಿ ನುಡಿಸಿದ್ದು ಸುಮಾರು 23 ನಿಮಿಷ. 1972ರ ಆಗಸ್ಟ್ 27ರಂದು ಆರೆಗಾನ್ ರಾಜ್ಯದ ವೆನೀಟಾದಲ್ಲಿ ಅದು ಅರ್ಧ ಗಂಟೆಯನ್ನೂ ಮೀರಿತು. ಮೂರರಲ್ಲೂ ಪಲ್ಲವಿ ಒಂದೇ, ಸಾಹಿತ್ಯವೂ ಒಂದೇ, ಉಳಿದದ್ದೆಲ್ಲ ಬೇರೆ.

ಅಭಿಮಾನಿಗಳು ಮುದ್ರಿಸಿಕೊಳ್ಳಲು ಬ್ಯಾಂಡಿನ ಒಪ್ಪಿಗೆ ಇತ್ತೇ?

ಇತ್ತು. ಮೊದಲ ವರ್ಷಗಳಲ್ಲಿ ಅದು ಕಂಡೂ ಕಾಣದಂತಿರುವ ಒಪ್ಪಿಗೆಯಾಗಿತ್ತು. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಛೇರಿಗಳಿಂದ ಆರಂಭಿಸಿ, ಮುದ್ರಿಸಿಕೊಳ್ಳುವವರಿಗೆಂದೇ ಸೌಂಡ್ ಮಿಕ್ಸರಿನ (ಎಲ್ಲ ಮೈಕು, ವಾದ್ಯಗಳ ಸದ್ದನ್ನು ಬೆರೆಸುವ ಯಂತ್ರದ) ಹಿಂದೆ ಪ್ರತ್ಯೇಕ ಜಾಗ ಮತ್ತು ಪ್ರತ್ಯೇಕ ಟಿಕೆಟ್ ಬಂದವು. ಮೈಕ್‌ಗಳ ಎತ್ತರದ ಕಂಬಗಳು ಉಳಿದ ಪ್ರೇಕ್ಷಕರ ಕಣ್ಣಿಗೆ ಅಡ್ಡವಾಗಬಾರದು ಎಂಬುದು ಆ ಏರ್ಪಾಡಿನ ಒಂದು ಕಾರಣ. ಟೇಪನ್ನು ಹಂಚಬಹುದು, ಮಾರಬಾರದು ಎಂಬ ಕಟ್ಟಳೆಯನ್ನು ಅಭಿಮಾನಿಗಳೇ ಕಟ್ಟುನಿಟ್ಟಾಗಿ ಕಾಯ್ದುಕೊಂಡು ಬಂದರು. ಕೇಳುವವರು ಖಾಲಿ ಕ್ಯಾಸೆಟ್ಟನ್ನೂ ಅಂಚೆ ವೆಚ್ಚವನ್ನೂ ಕಳಿಸುತ್ತಿದ್ದರು. ಇದ್ದವರು ಪ್ರತಿ ಮಾಡಿ ಹಿಂದಿರುಗಿಸುತ್ತಿದ್ದರು.

ಸೌಂಡ್‌ಬೋರ್ಡ್, ಆಡಿಯೆನ್ಸ್, ಮೇಟ್ರಿಕ್ಸ್ ಎಂದರೇನು?

ಸಭಾಂಗಣದ ಮಿಕ್ಸರಿನಿಂದ ನೇರವಾಗಿ ತಂತಿಯ ಮೂಲಕ ಪಡೆದದ್ದು ಸೌಂಡ್‌ಬೋರ್ಡ್ ಟೇಪು. ಪ್ರೇಕ್ಷಕರ ನಡುವೆ ಮೈಕ್ ಹಿಡಿದು ಮುದ್ರಿಸಿದ್ದು ಆಡಿಯೆನ್ಸ್ ಟೇಪು. ಎರಡನ್ನೂ ಹೊಂದಿಸಿ ಬೆರೆಸಿದ್ದು ಮೇಟ್ರಿಕ್ಸ್. ಕೆಲವು ಮೇಟ್ರಿಕ್ಸ್‌ಗಳನ್ನು ಕಛೇರಿ ನಡೆಯುವಾಗಲೇ ಬ್ಯಾಂಡಿನ ಕಡೆಯವರು ಮಾಡಿದ್ದರು. ಹಲವನ್ನು ಅಭಿಮಾನಿಗಳು ಎಷ್ಟೋ ವರ್ಷಗಳ ನಂತರ ಕಂಪ್ಯೂಟರಿನ ಮುಂದೆ ಕುಳಿತು, ಎರಡು ಟೇಪುಗಳ ವೇಗದ ವ್ಯತ್ಯಾಸವನ್ನು ತಾಳ್ಮೆಯಿಂದ ಸರಿಪಡಿಸಿ ಸಿದ್ಧಪಡಿಸಿದ್ದಾರೆ.

ಹಾಗಾದರೆ ಸೌಂಡ್‌ಬೋರ್ಡ್ ಟೇಪೇ ಯಾವಾಗಲೂ ಮೇಲು ಅಲ್ಲವೇ?

ಅಲ್ಲ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಿಕ್ಸರಿನ ಮುಂದೆ ಕುಳಿತವರ ಕೆಲಸ ಟೇಪಿಗೆ ಚೆನ್ನಾಗಿ ಕೇಳಿಸುವುದಲ್ಲ, ಸಭಾಂಗಣಕ್ಕೆ ಚೆನ್ನಾಗಿ ಕೇಳಿಸುವುದು. ಸಣ್ಣ ಸಭಾಂಗಣದಲ್ಲಿ ಗಿಟಾರಿನ ಆಂಪ್ಲಿಫೈಯರ್ ವೇದಿಕೆಯ ಮೇಲಿಂದಲೇ ಸಾಕಷ್ಟು ಗಟ್ಟಿಯಾಗಿ ಮೊಳಗುತ್ತದೆ. ಹಾಗಾಗಿ ಅದನ್ನು ಮಿಕ್ಸರಿನಲ್ಲಿ ಕಡಿಮೆ ಮಾಡಿ, ಮೈಕಿಲ್ಲದೆ ಕೇಳಿಸದ ಗಾಯನವನ್ನು ಏರಿಸುತ್ತಾರೆ. ಸಭೆಯಲ್ಲಿದ್ದವರಿಗೆ ಎರಡೂ ಸಮನಾಗಿ ಕೇಳಿಸುತ್ತವೆ. ತಂತಿಯ ಮೂಲಕ ಟೇಪಿಗೆ ಇಳಿದದ್ದರಲ್ಲಿ ಮಾತ್ರ ಗಾಯನ ಕಿವಿಯ ಪಕ್ಕದಲ್ಲಿ, ಗಿಟಾರು ಪಕ್ಕದ ಕೋಣೆಯಲ್ಲಿ. ಇಂಥ ಟೇಪನ್ನು ಕೇಳಿ 'ಆ ರಾತ್ರಿ ಗಾರ್ಸಿಯಾ ಅಂಜಿ ಅಂಜಿ ನುಡಿಸಿದ್ದಾರೆ' ಎಂದು ತೀರ್ಪು ಕೊಟ್ಟವರನ್ನು ನಾನು ಕಂಡಿದ್ದೇನೆ. ಅದೇ ರಾತ್ರಿಯ ಆಡಿಯೆನ್ಸ್ ಟೇಪನ್ನು ಕೇಳಿಸಿದರೆ ಅಲ್ಲಿ ಗಿಟಾರು ಸಭಾಂಗಣವನ್ನೇ ತುಂಬಿಕೊಂಡಿರುತ್ತದೆ.

1974ರ ಟೇಪುಗಳದು ಇನ್ನೊಂದು ಕಥೆ. ಆ ವರ್ಷ ಬ್ಯಾಂಡ್ ಬಳಸಿದ 'ವಾಲ್ ಆಫ್ ಸೌಂಡ್' ಎಂಬ ಆರು ನೂರಕ್ಕೂ ಹೆಚ್ಚು ಸ್ಪೀಕರುಗಳ ಗೋಡೆ ವಾದಕರ ಮುಂದಲ್ಲ, ಬೆನ್ನ ಹಿಂದೆ ನಿಂತಿತ್ತು. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ನುಗ್ಗಿ ಕೂಗು ಏಳದಂತೆ ಪ್ರತಿ ಗಾಯಕರ ಮುಂದೆಯೂ ಎರಡೆರಡು ಮೈಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ್ದರು. ಎರಡೂ ಮೈಕುಗಳಿಗೆ ಸಮನಾಗಿ ತಾಗಿದ ಸದ್ದು ಅಳಿಸಿಹೋಗುತ್ತಿತ್ತು. ಒಂದಕ್ಕೆ ಮಾತ್ರ ತುಟಿ ತಾಗಿಸಿ ಹಾಡಿದ್ದು ಉಳಿಯುತ್ತಿತ್ತು. ಉಪಾಯ ಜಾಣತನದ್ದೇ, ಆದರೆ ಟೇಪಿನಲ್ಲಿ ಕಂಠದ ಮೈತುಂಬಿದ ಗುಣ ಹೋಗಿ, ಧ್ವನಿ ತೆಳುವಾಗಿ ಬಿದ್ದಿದೆ. ವಾದ್ಯಗಳು, ಅದರಲ್ಲೂ ಫಿಲ್ ಲೆಶ್ ಅವರ ಬಾಸ್ ಗಿಟಾರು, ಅದೇ ಟೇಪುಗಳಲ್ಲಿ ಅಚ್ಚುಕಟ್ಟಾಗಿ ಬಿಡಿಬಿಡಿಯಾಗಿ ಕೇಳುತ್ತವೆ. 1974ರಲ್ಲಿ ಹಾಡುಗಾರಿಕೆ ಸೊರಗಿತ್ತು ಎನ್ನುವ ಮುನ್ನ ಈ ಮೈಕುಗಳ ಜೋಡಿಯನ್ನು ನೆನಪಿಸಿಕೊಳ್ಳಬೇಕು.

'ಬೆಟ್ಟಿ ಬೋರ್ಡ್ಸ್' ಎಂಬ ಟೇಪುಗಳಿಗೆ ಅಷ್ಟು ಬೆಲೆ ಏಕೆ?

ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಅವರು ಬ್ಯಾಂಡಿನೊಂದಿಗೆ ದುಡಿದ ಸೌಂಡ್ ಎಂಜಿನಿಯರ್. ಅವರು ಸಭಾಂಗಣದ ಮಿಶ್ರಣವನ್ನು ಹಾಗೆಯೇ ಎತ್ತಿಕೊಳ್ಳದೆ, ಟೇಪಿಗೆಂದೇ ಬೇರೆ ಮಿಶ್ರಣ ಮಾಡುತ್ತಿದ್ದರು. ಮೇಲೆ ಹೇಳಿದ ಗಾಯನ-ಗಿಟಾರಿನ ಅಸಮತೋಲ ಅವರ ಟೇಪುಗಳಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ. 1980ರ ದಶಕದಲ್ಲಿ ಅವರ ಸಾಮಾನುಗಳನ್ನು ಇರಿಸಿದ್ದ ಗೋದಾಮಿನ ಬಾಡಿಗೆ ನಿಂತುಹೋಗಿ, 1986ರಲ್ಲಿ ಟೇಪುಗಳೆಲ್ಲ ಹರಾಜಾದವು. ಕೊಂಡವರಿಂದ ಸಂಗ್ರಾಹಕರಿಗೆ, ಅವರಿಂದ ಎಲ್ಲ ಕಡೆಗೂ ಪ್ರತಿಗಳು ಹರಿದವು. ಇಂದು 1977ರ ವಸಂತಕಾಲದ ಕಛೇರಿಗಳು ಇಷ್ಟು ಹೆಸರಾಗಿದ್ದರೆ, ಅದರಲ್ಲಿ ಈ ಮಹಿಳೆಯ ಕಿವಿಯ ಪಾಲು ದೊಡ್ಡದು. ವಾದಕರ ಹೆಸರಿನ ಜೊತೆಗೆ ಅವರ ಹೆಸರನ್ನೂ ಹೇಳುವುದು ನ್ಯಾಯವೆಂದು ನಾನು ಬಲವಾಗಿ ನಂಬಿದ್ದೇನೆ.

1977ರ ಮೇ 8ರ ಕಾರ್ನೆಲ್ ಕಛೇರಿಯೇ ಎಲ್ಲಕ್ಕಿಂತ ಶ್ರೇಷ್ಠವೇ?

ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಈ ಕಛೇರಿಯಷ್ಟು ಚರ್ಚೆಗೆ ಒಳಗಾದದ್ದು ಇನ್ನೊಂದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. ಅಷ್ಟು ಗೌರವ ಸಿಕ್ಕ ಮೇಲೂ ಅದು ಅಧಿಕೃತವಾಗಿ ಮಾರುಕಟ್ಟೆಗೆ ಬಂದದ್ದು 2017ರಲ್ಲಿ, ಅಂದರೆ ಕಛೇರಿ ನಡೆದು 40 ವರ್ಷಗಳಾದ ಮೇಲೆ. ಮೂಲಟೇಪುಗಳು ಅಲ್ಲಿಯವರೆಗೆ ಬ್ಯಾಂಡಿನ ಕೈಯಲ್ಲಿರಲಿಲ್ಲ.

ಎರಡನೆಯ ಭಾಗ ಶುರುವಾಗುವ ಮುನ್ನ, ಮುಂದಿನ ಸಾಲಿನವರು ನಜ್ಜುಗುಜ್ಜಾಗದಂತೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದು ವೇದಿಕೆಯಿಂದ ಕೇಳಿಕೊಳ್ಳುವ ಮಾತೂ ಟೇಪಿನಲ್ಲಿದೆ. ಅದರ ಬೆನ್ನಿಗೇ 'ಸ್ಕಾರ್ಲೆಟ್ ಬಿಗೋನಿಯಾಸ್' ಎದ್ದು, ನಿಲ್ಲದೆ 'ಫೈರ್ ಆನ್ ದ ಮೌಂಟನ್'ಗೆ ಇಳಿಯುತ್ತದೆ. ಆ ಇಳಿಜಾರನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲನೆಯ ಹಾಡಿನ ಸಡಗರ ಸಣ್ಣಗೆ ಕರಗುತ್ತಾ ಬಂದು, ಬಾಸ್ ಗಿಟಾರು ಎರಡೇ ಕಾರ್ಡುಗಳ (ಸ್ವರಗುಚ್ಛಗಳ) ನಡುವಿನ ತೂಗಾಟಕ್ಕೆ ಮೆಲ್ಲನೆ ಹೊರಳುತ್ತದೆ. ಯಾವ ಮಾತ್ರೆಯಲ್ಲಿ ಹೊಸ ಹಾಡು ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕಛೇರಿಯ ಕೊನೆಯ ಭಾಗದ 'ಮಾರ್ನಿಂಗ್ ಡ್ಯೂ'ನಲ್ಲಿ ಗಾರ್ಸಿಯಾ ಪಿಸುಮಾತಿನಿಂದ ಆರಂಭಿಸಿ ಕಟ್ಟುವ ಏರಿಕೆಯೂ ಅಷ್ಟೇ ದೊಡ್ಡದು.

ಆದರೂ ಇದೇ ಶ್ರೇಷ್ಠ ಎಂದು ನಾನು ಹೇಳುವುದಿಲ್ಲ. ಹಿಂದಿನ ರಾತ್ರಿ ಬಾಸ್ಟನ್ನಿನಲ್ಲೂ ಮರುರಾತ್ರಿ ಬಫೆಲೋದಲ್ಲೂ ಇದೇ ವಾದಕರು ಇದೇ ಹುರುಪಿನಲ್ಲಿದ್ದರು. ಬಫೆಲೋ ಕಛೇರಿಯ ಆರಂಭದಲ್ಲೇ ಬರುವ ಮೂರು ಹಾಡುಗಳ ಸರಣಿಯಲ್ಲಿ ('ಹೆಲ್ಪ್ ಆನ್ ದ ವೇ', 'ಸ್ಲಿಪ್‌ನಾಟ್', 'ಫ್ರಾಂಕ್ಲಿನ್ಸ್ ಟವರ್') ನನಗೆ ಕಾರ್ನೆಲ್‌ಗಿಂತ ಹೆಚ್ಚು ಧೈರ್ಯ ಕಾಣಿಸುತ್ತದೆ. ಕಾರ್ನೆಲ್ ಎಲ್ಲರ ಮನೆಗೂ ಮೊದಲು ತಲುಪಿತು, ಒಳ್ಳೆಯ ಧ್ವನಿಯೊಂದಿಗೆ ತಲುಪಿತು, ಹಾಗಾಗಿ ಒಂದಿಡೀ ತಲೆಮಾರಿನ ಕಿವಿಗೆ ಅದೇ ಅಳತೆಗೋಲಾಯಿತು. ಕಛೇರಿಯ ಗುಣವೂ ಟೇಪಿನ ಗುಣವೂ ಹೆಣೆದುಕೊಂಡಾಗ ಎರಡನ್ನೂ ಬಿಡಿಸಿ ನೋಡುವುದೇ ಹೋಲಿಕೆಯ ನಿಜವಾದ ಕೆಲಸ. ಮಸುಕಾದ ಆಡಿಯೆನ್ಸ್ ಟೇಪಿನಲ್ಲಿ ಮಾತ್ರ ಉಳಿದಿರುವ ಯಾವುದೋ ರಾತ್ರಿ ಇದಕ್ಕಿಂತ ದೊಡ್ಡದಿರಬಹುದು. ಅದನ್ನು ಕೇಳಲು ಕಿವಿ ಹೆಚ್ಚು ದುಡಿಯಬೇಕು, ಅಷ್ಟೇ.

ಹೆಸರಾಂತ ಸ್ಥಳ, ಹೆಸರಾಂತ ದಿನ ಎಂದರೆ ಒಳ್ಳೆಯ ಕಛೇರಿ ಎಂದುಕೊಳ್ಳಬಹುದೇ?

ಅನೇಕ ಸಲ ಇದಕ್ಕೆ ವ್ಯತಿರಿಕ್ತವೇ ನಿಜ. 1978ರ ಸೆಪ್ಟೆಂಬರ್ 14ರಿಂದ 16ರವರೆಗೆ ಈಜಿಪ್ಟಿನ ಗೀಜಾದಲ್ಲಿ, ಪಿರಮಿಡ್ಡುಗಳ ಬುಡದಲ್ಲಿ ಬ್ಯಾಂಡ್ ನುಡಿಸಿತು. ಕೊನೆಯ ರಾತ್ರಿ ಚಂದ್ರಗ್ರಹಣವೂ ಇತ್ತು. ಆದರೆ ಪಿಯಾನೋ ಶ್ರುತಿ ತಪ್ಪಿತ್ತು, ಡ್ರಮ್ ವಾದಕ ಬಿಲ್ ಕ್ರೂಟ್ಸ್‌ಮನ್ ಮಣಿಕಟ್ಟು ಮುರಿದುಕೊಂಡು ಒಂದೇ ಕೈಯಲ್ಲಿ ನುಡಿಸುತ್ತಿದ್ದರು. ಆ ಟೇಪುಗಳ ಆಯ್ದ ಭಾಗ ಹೊರಬಂದದ್ದು 2008ರಲ್ಲಿ.

ವೆನೀಟಾದ್ದು ಇದಕ್ಕೆ ಎದುರಾದ ಉದಾಹರಣೆ. ಅದು ಒಂದು ಹಾಲಿನ ಡೈರಿಯ ಸಹಾಯಾರ್ಥ ಬಯಲಿನಲ್ಲಿ ನಡೆದ ಕಛೇರಿ. ಸುಡುವ ಬಿಸಿಲಿಗೆ ತಂತಿವಾದ್ಯಗಳ ಶ್ರುತಿ ಪದೇ ಪದೇ ಇಳಿಯುತ್ತಿತ್ತು. ಹೀಗಿದ್ದೂ ಆ ಮಧ್ಯಾಹ್ನದ ವಾದನವನ್ನು ಮೀರಿಸುವ ಟೇಪುಗಳು ನನ್ನ ಬಳಿ ಬಹಳ ಇಲ್ಲ.

ಬೇರೆ ಬೇರೆ ವರ್ಷಗಳ ಕಛೇರಿಗಳನ್ನು ಒಂದಕ್ಕೊಂದು ಹೋಲಿಸಬಹುದೇ?

ಎಚ್ಚರದಿಂದ ಹೋಲಿಸಬಹುದು. 1971ರ ಫೆಬ್ರವರಿಯಿಂದ 1974ರ ಅಕ್ಟೋಬರ್‌ವರೆಗೆ ಎರಡನೆಯ ಡ್ರಮ್ ವಾದಕ ಮಿಕಿ ಹಾರ್ಟ್ ಬ್ಯಾಂಡಿನಲ್ಲಿ ಇರಲಿಲ್ಲ, ಕ್ರೂಟ್ಸ್‌ಮನ್ ಒಬ್ಬರೇ ಡ್ರಮ್ ನುಡಿಸುತ್ತಿದ್ದರು. ಒಬ್ಬರೇ ಇದ್ದಾಗ ಲಯ ಹಗುರವಾಗಿ, ಎತ್ತ ಬೇಕಾದರೂ ತಟ್ಟನೆ ತಿರುಗುತ್ತದೆ. ಇಬ್ಬರಾದಾಗ ಅದಕ್ಕೆ ತೂಕ ಬರುತ್ತದೆ, ಆದರೆ ತಿರುವಿಗೆ ಹೆಚ್ಚು ಜಾಗ ಬೇಕಾಗುತ್ತದೆ. ಕೀಬೋರ್ಡಿನಲ್ಲಿ ಪಿಗ್‌ಪೆನ್, ಕೀತ್ ಗಾಡ್ಶೊ, ಬ್ರೆಂಟ್ ಮಿಡ್ಲಂಡ್, ವಿನ್ಸ್ ವೆಲ್ನಿಕ್ ಒಬ್ಬರಾದ ಮೇಲೊಬ್ಬರು ಬಂದಂತೆ ಬ್ಯಾಂಡಿನ ಬಣ್ಣವೇ ಬದಲಾಗಿದೆ. 1973ರ ಟೇಪನ್ನೂ 1989ರ ಟೇಪನ್ನೂ ಎದುರುಬದುರು ಇಟ್ಟು ಯಾವುದು ಮೇಲು ಎಂದು ಕೇಳುವುದಕ್ಕಿಂತ, ಒಂದೇ ತಿಂಗಳ ನಾಲ್ಕಾರು ರಾತ್ರಿಗಳನ್ನು ಸಾಲಾಗಿ ಕೇಳಿದರೆ ಹೆಚ್ಚು ತಿಳಿಯುತ್ತದೆ.

1978ರಿಂದ ಎರಡನೆಯ ಭಾಗದ ನಡುವೆ ಇಬ್ಬರು ಡ್ರಮ್ ವಾದಕರಿಗೇ ಬಿಟ್ಟುಕೊಟ್ಟ ಹೊತ್ತು ಬಹುತೇಕ ಎಲ್ಲ ಕಛೇರಿಗಳಲ್ಲೂ ಬರುತ್ತದೆ. ಅನೇಕರು ಅದನ್ನು ದಾಟಿಸಿ ಮುಂದೆ ಹೋಗುತ್ತಾರೆ. ತನಿ ಆವರ್ತನದ ಹೊತ್ತಿಗೆ ಕಾಫಿಗೆಂದು ಎದ್ದುಹೋಗುವವರನ್ನು ಕಂಡಾಗ ಆಗುವ ಬೇಸರವೇ ನನಗೆ ಇಲ್ಲಿಯೂ ಆಗುತ್ತದೆ.

ಎರಡು ಟೇಪುಗಳನ್ನು ಹೋಲಿಸುವಾಗ ಮೊದಲು ಏನನ್ನು ಸರಿಪಡಿಸಿಕೊಳ್ಳಬೇಕು?

ಸದ್ದಿನ ಮಟ್ಟವನ್ನು. ಎರಡರಲ್ಲಿ ಒಂದು ಚೂರೇ ಚೂರು ಗಟ್ಟಿಯಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಎಂದುಬಿಡುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಒಂದೇ ಹೆಡ್‌ಫೋನಿನಲ್ಲಿ, ಅದೇ ಹಾಡಿನ ಅದೇ ಎರಡು ನಿಮಿಷಗಳನ್ನು ಕೇಳಬೇಕು.

ಎರಡನೆಯದು ವೇಗ. ಬ್ಯಾಟರಿ ಇಳಿದ ಯಂತ್ರದಲ್ಲಿ ಮುದ್ರಿಸಿದ ಟೇಪು ನಿಧಾನವಾಗಿ ಓಡಿರುತ್ತದೆ, ಸರಿಯಾದ ಯಂತ್ರದಲ್ಲಿ ಹಾಕಿದಾಗ ಅದು ವೇಗವಾಗಿ ಕೇಳುತ್ತದೆ. ಲಯವೂ ಶ್ರುತಿಯೂ ಒಟ್ಟಿಗೇ ಏರುತ್ತವೆ. ನಾನು ಒಂದು ಟೇಪನ್ನು ವರ್ಷಗಟ್ಟಲೆ 'ಬೆಂಕಿಯಂಥ ಕಛೇರಿ' ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ. ಒಂದು ಸಂಜೆ ಮನೆಯ ಹಾರ್ಮೋನಿಯಮ್ಮಿನಲ್ಲಿ ಬಿಳಿ ಏಳನ್ನು ಹಿಡಿದು 'ಫೈರ್ ಆನ್ ದ ಮೌಂಟನ್' ಹಾಕಿದಾಗ, ಆಧಾರಸ್ವರ ಅಲ್ಲಿಗೆ ಕೂರದೆ ಮೇಲಿನ ಮನೆಗೆ ಮುಕ್ಕಾಲು ಪಾಲು ಏರಿತ್ತು. ವೇಗವನ್ನು ಸರಿಪಡಿಸಿ ಮತ್ತೆ ಕೇಳಿದೆ. ಕಛೇರಿ ಚೆನ್ನಾಗಿಯೇ ಇತ್ತು, ಆದರೆ ನಾನು ಬೆಂಕಿ ಎಂದದ್ದು ಯಂತ್ರದ್ದಾಗಿತ್ತು. ಅಂದಿನಿಂದ ಶ್ರುತಿ ನೋಡದೆ ಯಾವ ಟೇಪಿನ ಬಗ್ಗೆಯೂ ಅಭಿಪ್ರಾಯ ಹೇಳುವುದನ್ನು ಬಿಟ್ಟಿದ್ದೇನೆ.

ಮೂರನೆಯದು ಕತ್ತರಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಹಿಡಿಯುವುದು 45 ನಿಮಿಷ. ಬದಿ ತಿರುಗಿಸುವ ಹೊತ್ತಿನಲ್ಲಿ ನಡೆದದ್ದು ಹೋಯಿತು. ಅಂಥ ಜಾಗವನ್ನು ಬೇರೆಯವರ ಟೇಪಿನಿಂದ ತೇಪೆ ಹಾಕಿ ಮುಚ್ಚಿರುವುದೂ ಉಂಟು. ನಡುವೆ ಧ್ವನಿಯ ಬಣ್ಣ ಥಟ್ಟನೆ ಬದಲಾದರೆ ಅದು ತೇಪೆ, ವಾದಕರ ಭಾವ ಬದಲಾದದ್ದಲ್ಲ.

ಟೇಪಿನ 'ತಲೆಮಾರು' ಎಂದರೇನು?

ಮೂಲದಿಂದ ಮಾಡಿದ್ದು ಮೊದಲ ತಲೆಮಾರು, ಅದರಿಂದ ಮಾಡಿದ್ದು ಎರಡನೆಯದು. ಪ್ರತಿ ಇಳಿತದಲ್ಲೂ 'ಸ್‌ಸ್' ಎಂಬ ಹಿನ್ನೆಲೆ ಸದ್ದು ಹೆಚ್ಚುತ್ತದೆ, ಝಲ್ಲರಿಯ ಮಿನುಗು ಮಾಸುತ್ತದೆ. ಧ್ವನಿಯ ಯಾವ ಅಂಶವನ್ನೂ ಕಳೆಯದೆ ಇಡುವ ಕಂಪ್ಯೂಟರಿನ ಫ್ಲ್ಯಾಕ್ ಕಡತಗಳಿಗೆ ಈ ಸವಕಲು ಇಲ್ಲ. ಎಂಪಿ3ಗೆ ಇಳಿಸಿ ಮತ್ತೆ ಮೇಲೇರಿಸಿದ್ದಕ್ಕೆ ಬೇರೆ ಬಗೆಯ ಸವಕಲು ಇದೆ.

ಅಧಿಕೃತವಾಗಿ ಬಿಡುಗಡೆಯಾದವು ಇರುವಾಗ ಅಭಿಮಾನಿಗಳ ಟೇಪುಗಳು ಏಕೆ ಬೇಕು?

ಎರಡೂ ಬೇಕು. ಬ್ಯಾಂಡಿನ ಟೇಪು ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಡಿಕ್ ಲಟ್ವಾಲ ಅವರ ಹೆಸರಿನ 'ಡಿಕ್ಸ್ ಪಿಕ್ಸ್' ಮಾಲೆ 1993ರಲ್ಲಿ, 1973ರ ಡಿಸೆಂಬರ್ 19ರ ಟ್ಯಾಂಪಾ ಕಛೇರಿಯೊಂದಿಗೆ ಆರಂಭವಾಗಿ 36 ಸಂಪುಟಗಳವರೆಗೆ ನಡೆಯಿತು. ಅವರ ನಂತರ ಡೇವಿಡ್ ಲೆಮ್ಯೂ ಅವರ ಆಯ್ಕೆಯ 'ಡೇವ್ಸ್ ಪಿಕ್ಸ್' 2012ರಲ್ಲಿ ಶುರುವಾಯಿತು. ಮೂಲಟೇಪಿನಿಂದ ನೇರವಾಗಿ, ವೇಗದ ಏರುಪೇರನ್ನು ತಿದ್ದಿ ಕೊಡುವ ಈ ಬಿಡುಗಡೆಗಳಿಗೆ ಧ್ವನಿಯಲ್ಲಿ ಸಾಟಿಯಿಲ್ಲ.

ಆದರೆ 'ಲೈವ್' ಎಂದು ಬರೆದದ್ದೆಲ್ಲ ಆ ರಾತ್ರಿಯದೇ ಆಗಿರುವುದಿಲ್ಲ. 1972ರ ಯೂರೋಪ್ ಪ್ರವಾಸದಿಂದ ಆ ವರ್ಷವೇ ಹೊರಬಂದ ಮೂರು ತಟ್ಟೆಗಳ ಆಲ್ಬಮ್ಮಿನಲ್ಲಿ ಗಾಯನದ ಬಹುಭಾಗವನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಿದ್ದಾರೆ. ಅದೇ ಪ್ರವಾಸದ 22 ಕಛೇರಿಗಳೂ 2011ರಲ್ಲಿ ಪೂರ್ಣವಾಗಿ ಬಿಡುಗಡೆಯಾದುದರಿಂದ ಈಗ ಪಕ್ಕಪಕ್ಕದಲ್ಲಿಟ್ಟು ಕೇಳಲು ಸಾಧ್ಯ. ಉಳಿದ ಕಛೇರಿಗಳಿಗೆ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದ ಸಂಗ್ರಹವೇ ಆಸರೆ. 2005ರ ನವೆಂಬರಿನಲ್ಲಿ ಟೇಪುಗಳನ್ನು ಅಲ್ಲಿಂದ ತೆಗೆದುಹಾಕಿದ್ದಕ್ಕೆ ಅಭಿಮಾನಿಗಳು ಎಬ್ಬಿಸಿದ ಗಲಾಟೆಯ ನಂತರ ಅಲ್ಲಿ ಸೌಂಡ್‌ಬೋರ್ಡ್ ಟೇಪುಗಳನ್ನು ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ; ಆಡಿಯೆನ್ಸ್ ಟೇಪುಗಳನ್ನು ಇಳಿಸಿಕೊಳ್ಳಬಹುದು. ಈ ನಿರ್ಬಂಧದಿಂದ ನನಗೊಂದು ಲಾಭವಾಯಿತು: ಆಡಿಯೆನ್ಸ್ ಟೇಪುಗಳನ್ನು ಮನಸ್ಸಿಟ್ಟು ಕೇಳಲು ಕಲಿತೆ.

ನಮ್ಮ ಸಂಗೀತಕ್ಕೂ ಈ ಬ್ಯಾಂಡಿಗೂ ನಿಜವಾದ ನಂಟು ಇದೆಯೇ?

ಇದೆ. ಮಿಕಿ ಹಾರ್ಟ್ ಅವರು ತಬಲಾ ಮಾಂತ್ರಿಕ ಅಲ್ಲಾ ರಖಾ ಅವರ ಬಳಿ ಕಲಿತವರು. ಅಲ್ಲಾ ರಖಾ ಅವರ ಮಗ ಝಾಕಿರ್ ಹುಸೇನ್ ಜೊತೆ 1970ರ ದಶಕದ 'ಡಿಗಾ ರಿದಮ್ ಬ್ಯಾಂಡ್'ನಲ್ಲೂ, 1991ರ 'ಪ್ಲಾನೆಟ್ ಡ್ರಮ್'ನಲ್ಲೂ ನುಡಿಸಿದರು. ಎರಡನೆಯದರಲ್ಲಿ ವಿಕ್ಕು ವಿನಾಯಕರಾಮ್ ಅವರ ಘಟವೂ ಇದೆ. 1960ರ ದಶಕದ ಕೊನೆಯಲ್ಲಿ ಬ್ಯಾಂಡ್ ನುಡಿಸುತ್ತಿದ್ದ 'ದಿ ಇಲೆವೆನ್' ಹೆಸರೇ ಹೇಳುವಂತೆ ಹನ್ನೊಂದು ಎಣಿಕೆಯದು: ಮೂರು, ಮೂರು, ಮೂರು, ಎರಡು. ಸಂಕೀರ್ಣ ಜಾತಿ ರೂಪಕದಲ್ಲಿ ಎರಡರ ದ್ರುತದ ನಂತರ ಒಂಬತ್ತರ ಲಘು ಬರುತ್ತದೆ. ಇಲ್ಲಿ ಒಂಬತ್ತು ಮೊದಲು, ಎರಡು ಕೊನೆಗೆ. ಕೈಯಲ್ಲಿ ತಾಳ ಹಾಕುತ್ತಾ 1969ರ ಎರಡು ಮೂರು ಟೇಪುಗಳನ್ನು ಕೇಳಿ ನೋಡಿ. ಯಾವ ರಾತ್ರಿ ಎಲ್ಲರೂ ಒಟ್ಟಿಗೆ ಎತ್ತುಗಡೆಗೆ ಬಂದಿಳಿದರು, ಯಾವ ರಾತ್ರಿ ಯಾರು ಜಾರಿದರು ಎಂಬುದು ಧ್ವನಿಯ ಗುಣ ಹೇಗಿದ್ದರೂ ಸ್ಪಷ್ಟವಾಗುತ್ತದೆ.

ಕೊನೆಯ ಕಛೇರಿಯನ್ನೂ ಹೋಲಿಕೆಗೆ ಸೇರಿಸಬೇಕೇ?

1995ರ ಜುಲೈ 9ರಂದು ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ನಡೆದ ಆ ಕಛೇರಿಯನ್ನು ಕಾರ್ನೆಲ್ ಅಥವಾ ವೆನೀಟಾದ ಪಕ್ಕದಲ್ಲಿಟ್ಟು ಅಂಕ ಕೊಡುವುದು ನನ್ನಿಂದಾಗದು. ಗಾರ್ಸಿಯಾ ದಣಿದಿದ್ದರು, ಬೆರಳು ತಡವರಿಸುವುದು, ಸಾಹಿತ್ಯ ಮರೆಯುವುದು ಟೇಪಿನಲ್ಲಿ ಮುಚ್ಚುಮರೆಯಿಲ್ಲದೆ ಕೇಳಿಸುತ್ತದೆ. ಆದರೂ ಅದನ್ನು ಒಮ್ಮೆ ಪೂರ್ತಿಯಾಗಿ ಕೇಳಬೇಕು. ಕೊನೆಯಲ್ಲಿ ಗಾರ್ಸಿಯಾ 'ಬ್ಲ್ಯಾಕ್ ಮಡ್ಡಿ ರಿವರ್' ಹಾಡಿ ಮುಗಿಸಿದ ಮೇಲೆ ಕಛೇರಿ ಅಲ್ಲಿಗೇ ನಿಲ್ಲಬಹುದಿತ್ತು. ಫಿಲ್ ಲೆಶ್ ನಿಲ್ಲಿಸಲು ಬಿಡದೆ 'ಬಾಕ್ಸ್ ಆಫ್ ರೇನ್' ಎತ್ತಿಕೊಂಡರು. ಸಾವಿನ ಹಾಸಿಗೆಯಲ್ಲಿದ್ದ ತಮ್ಮ ತಂದೆಗೆ ಹಾಡಿ ತೋರಿಸಲೆಂದು ಅವರು ಎಷ್ಟೋ ವರ್ಷಗಳ ಹಿಂದೆ ರಾಗ ಕಟ್ಟಿದ್ದ ಹಾಡು ಅದು. ಮುಂದಿನ ತಿಂಗಳು, ಆಗಸ್ಟ್ 9ರಂದು, 53ನೆಯ ವಯಸ್ಸಿನಲ್ಲಿ ಗಾರ್ಸಿಯಾ ತೀರಿಕೊಂಡರು. ಆ ಹಾಡಿನ ಆಡಿಯೆನ್ಸ್ ಟೇಪನ್ನೇ ಆರಿಸಿಕೊಳ್ಳಿ. ಸುತ್ತಲಿನ ಜನರ ದನಿಯೂ ಅದರಲ್ಲಿದೆ.